ಒಂದು ವರ್ಷ ಗುದ್ದಲಿ ಮುಟ್ಟಬೇಡಿ

ಪ್ರಶ್ನೆ: ನೂರು ವರ್ಷಕ್ಕೂ ಹಳೆಯದಾದ ವಸತಿಗೃಹವೊಂದನ್ನು ನೋಡಿಕೊಳ್ಳುವ ಹೊಣೆ ನಮ್ಮದಾಗಿದೆ. ಕಟ್ಟಡದ ದುರಸ್ತಿ ಮುಗಿಯಿತು. ಸುತ್ತಲ ತೋಟ ಮಾತ್ರ ಪೊದೆ ಬೆಳೆದು ಕಾಡಾಗಿದೆ. ಯಂತ್ರ ತರಿಸಿ ಸಪಾಟು ಮಾಡಿಸಿ, ಹೊಸ ಹುಲ್ಲುಹಾಸು ಹಾಕಿಸಿ, ದೊಡ್ಡ ಮರಗಳ ಕೆಳಗೆ ಕಾರು ನಿಲ್ಲಿಸಲು ಜಾಗ ಮಾಡೋಣ ಅಂತಿದ್ದೇವೆ. ಸರಿಯೇ?

ಉತ್ತರ: ದಯವಿಟ್ಟು ಯಂತ್ರ ತರಿಸಬೇಡಿ. ಒಂದು ವರ್ಷ ಸುಮ್ನೆ ನೋಡಿ. ತಲೆ ಮೇಲೆ ಬೀಳುವಂಥ ಒಣಕೊಂಬೆ ಇದ್ದರೆ ತೆಗೆಸಿ, ಕಳೆಯನ್ನು ಬೀಜ ಕಟ್ಟುವ ಮೊದಲೇ ಕುಯ್ಯಿಸಿ. ಅಷ್ಟು ಸಾಕು.

ಇಂಥದ್ದೇ ಹಳೇ ತೋಟವೊಂದರಲ್ಲಿ ನಾನು ಆತುರಪಟ್ಟಿದ್ದೆ. ಬೋಳು ಮಡಿ ಅಂದುಕೊಂಡು ಅಗೆಸಿದೆ. ಗುದ್ದಲಿ ಏಟಿಗೆ ಬಿಳೀ ಗೆಡ್ಡೆಗಳು ಎರಡೆರಡು ಹೋಳಾಗಿ ಮೇಲೆ ಬಂದವು. ಒಳಗೆ ಹಸಿರು ಮೊಳಕೆ ಆಗಲೇ ಕಣ್ಣು ಬಿಟ್ಟಿತ್ತು. ಎಷ್ಟೋ ಹೂಗಿಡಗಳು ವರ್ಷದಲ್ಲಿ ಅನೇಕ ತಿಂಗಳು ಮಣ್ಣೊಳಗೇ ಮಲಗಿರುತ್ತವೆ. ಯಾರು, ಯಾವಾಗ ನೆಟ್ಟಿದ್ದರೋ. ಆ ಹೋಳುಗಳನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದು ಇವತ್ತಿಗೂ ಮನಸ್ಸಿಗೆ ನೋವು ಕೊಡುತ್ತದೆ.

ಮಳೆ ಬಾರದ ವಾರಗಳಲ್ಲಿ ಮೇಲಿನ ಮಹಡಿಯ ಕಿಟಕಿಯಿಂದ ಹುಲ್ಲನ್ನು ನೋಡಿ. ಕಲ್ಲು ಹೂತಿರುವ ಕಡೆ ಮಣ್ಣು ತೆಳು, ಹುಲ್ಲು ಮೊದಲು ಒಣಗುತ್ತದೆ. ಹಳೇ ಕಾಲುದಾರಿ ಹಳದಿ ಗೆರೆಯಾಗಿ ಕಾಣುತ್ತದೆ. 2018ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಚಾಟ್ಸ್‌ವರ್ತ್ ಬಂಗಲೆಯ ಹುಲ್ಲುಹಾಸಿನ ಮೇಲೆ 1699ರ ತೋಟದ ನಕ್ಷೆ ಹೀಗೇ ಮೂಡಿಬಂತು. ಗೆರೆ ಕಂಡ ಕೂಡಲೇ ಗೂಟ ನೆಟ್ಟು ಫೋಟೊ ತೆಗೆದಿಡಿ, ಮಳೆ ಬಿದ್ದರೆ ಅಳಿಸಿಹೋಗುತ್ತದೆ. ಆಮೇಲೆ ಕಬ್ಬಿಣದ ಸರಳು ಚುಚ್ಚಿ ನೋಡಿ. ಟಕ್ ಅಂದರೆ ಕಲ್ಲು.

ವಸತಿಗೃಹ ಆಗಿದ್ದು ನಿಮ್ಮ ಪುಣ್ಯ. ಬಂದುಹೋದವರು ಮೆಟ್ಟಿಲ ಮೇಲೆ ನಿಂತು ಫೋಟೊ ತೆಗೆಸಿಕೊಂಡಿರುತ್ತಾರೆ, ಅಲ್ವಾ? ಅವರ ಮನೆಯವರಿಂದ ಪ್ರತಿ ಕೇಳಿ. ಮುಖಗಳ ಹಿಂದೆ ಯಾವ ಬಳ್ಳಿ, ಯಾವ ಬೇಲಿ ಇದೆ ನೋಡಿ.

ಕಾರಿನ ವಿಷಯ. ಮರದ ಕೆಳಗೆ ಖಂಡಿತ ಬೇಡ. ನೀರು ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ 30 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತವೆ. ಚಕ್ರದ ಭಾರಕ್ಕೆ ಮಣ್ಣು ಗಟ್ಟಿಯಾದರೆ ಬೇರಿಗೆ ಗಾಳಿಯೂ ಇಲ್ಲ, ನೀರೂ ಇಲ್ಲ. ಮರ ಕೂಡಲೇ ಸಾಯುವುದಿಲ್ಲ. ಕೆಲವು ವರ್ಷ ಕಳೆದು ತುದಿಯಿಂದ ಒಣಗುತ್ತಾ ಬರುತ್ತದೆ, ಅಷ್ಟರಲ್ಲಿ ಕಾರಣ ಯಾರಿಗೂ ನೆನಪಿರುವುದಿಲ್ಲ. ಸಪಾಟು ಮಾಡುವ ಹೆಸರಲ್ಲಿ ಬುಡಕ್ಕೆ ಮಣ್ಣು ಏರಿಸುವುದೂ ಬೇಡ.

ಎರಡನೇ ವರ್ಷ ಗೇಟಿನಿಂದ ಬಾಗಿಲವರೆಗಿನ ಹಳೇ ದಾರಿಯಿಂದ ಕೆಲಸ ಶುರುಮಾಡಿ. ಮೇಲಿನ ಮಣ್ಣನ್ನು ಕೈಗುದ್ದಲಿಯಲ್ಲೇ ಕೆರೆಸಿ.