ಸುಣ್ಣ ಕಡಿಮೆ ಹಾಕಿಸಿದ ಸೂಪರ್‌ವೈಸರ್

ಪ್ರಶ್ನೆ: ಸಿದ್ದಾಪುರದ ಹತ್ತಿರ ಕಾಫಿ ತೋಟವೊಂದರಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ಹೊಸ ಸೂಪರ್‌ವೈಸರ್ ಒಳ್ಳೆಯವರೇ, ಆದರೆ ಕೆಲಸ ಗೊತ್ತಿಲ್ಲ. ಮಳೆಗೆ ಮುಂಚೆ ಮೆಣಸಿನ ಬಳ್ಳಿಗೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ರೋಗದ ಔಷಧಿ) ಹೊಡೆಸುವಾಗ ಸುಣ್ಣ ಕಡಿಮೆ ಹಾಕಿಸಿ ಎಲೆಯೆಲ್ಲ ಸುಟ್ಟುಹೋಯಿತು. ಬೈಗುಳ ಬಿದ್ದದ್ದು ನನಗೆ. ಕೆಲಸದವರು ಈಗ ಎಲ್ಲವನ್ನೂ ನನ್ನ ಹತ್ತಿರವೇ ಕೇಳುತ್ತಾರೆ, ಅದಕ್ಕೆ ಸೂಪರ್‌ವೈಸರಿಗೆ ಸಿಟ್ಟು. ಸಾಹುಕಾರರಿಗೆ ಹೇಳಿಬಿಡಲೇ?

ಉತ್ತರ: ಸ್ವಲ್ಪ ತಡೆಯಿರಿ. ಮೂವತ್ತು ವರ್ಷದ ಹಿಂದೆ ನಾನೇ ಅಂಥ ಸೂಪರ್‌ವೈಸರ್ ಆಗಿದ್ದೆ. ಡಿಗ್ರಿ ಇತ್ತು, ಬೂಟು ಇತ್ತು, ಮೈಲುತುತ್ತ ಯಾವುದೆಂದು ಗೊತ್ತಿರಲಿಲ್ಲ. ನನ್ನನ್ನು ಉಳಿಸಿದ್ದು ಒಬ್ಬ ಮೇಸ್ತ್ರಿ. ಸಂಜೆ ಹಾಜರಿ ಮುಗಿದ ಮೇಲೆ ಒಬ್ಬರೇ ಬಂದು, "ಸಾರ್, ನಾಳೆ ನೂರು ಲೀಟರಿಗೆ ತುತ್ತ ಒಂದು ಕೇಜಿ, ಸುಣ್ಣ ಒಂದು ಕೇಜಿ ತೂಗಿಸಲಾ?" ಅನ್ನುತ್ತಿದ್ದರು. ಉತ್ತರ ಪ್ರಶ್ನೆಯೊಳಗೇ ಇರುತ್ತಿತ್ತು. ನಾನು ಗಂಭೀರವಾಗಿ "ಹ್ಞೂಂ" ಅಂದರೆ ಆಯಿತು. ಬೆಳಿಗ್ಗೆ ಅದೇ ನನ್ನ ಆರ್ಡರು!

ನೀವೂ ಹಿಂದಿನ ಸಂಜೆಯೇ ಕೇಳಿ. ಡ್ರಮ್ಮಿನ ಮುಂದೆ ಹತ್ತು ಜನ ನೋಡುತ್ತಿರುವಾಗ ತಿದ್ದಿದರೆ ಯಾರೂ ಒಪ್ಪುವುದಿಲ್ಲ, ನಾನೂ ಒಪ್ಪುತ್ತಿರಲಿಲ್ಲ. ಕೆಲಸದವರು ಕೇಳಿದಾಗಲೂ "ಸಾರ್ ಹೇಳಿದ ಹಾಗೆ" ಅಂತಲೇ ಶುರುಮಾಡಿ. ಇನ್ನು ಸುಣ್ಣದ ಜಗಳಕ್ಕೆ ಮಾತೇ ಬೇಡ: ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ಕಲಕಿದ ಮೇಲೆ, ಚೆನ್ನಾಗಿ ಉಜ್ಜಿದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ. ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು. ಆ ಕತ್ತಿಯನ್ನು ಅವರ ಕೈಗೇ ಕೊಡಿ, ಅವರೇ ನೋಡಲಿ.

ಆದರೆ ಎರಡು ಕಡೆ ಅವರ ಬೆನ್ನಿಗೆ ನಿಲ್ಲಬೇಡಿ. ಹಾಜರಿ ಪುಸ್ತಕದಲ್ಲಿ ಅವರ ತಪ್ಪನ್ನು ನಿಮ್ಮ ಕೈಬರಹದಲ್ಲಿ ತಿದ್ದಬೇಡಿ. ಕೂಲಿ ತಪ್ಪಿದರೆ ಲೈನ್‌ಮನೆಯ ಕೆಲಸದವರು ಹುಡುಕುವುದು ಬರೆದವನನ್ನು. ಕಣದಲ್ಲಿ ರೋಬಸ್ಟಾ ಚೆರಿಯ (ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣಿನ) ತೇವ ಶೇ 11ಕ್ಕೆ ಇಳಿಯದೆ ಚೀಲ ಕಟ್ಟಿಸಿದರೂ ಅಷ್ಟೆ, ಮೀಟರಿನಲ್ಲಿ ಬಂದದ್ದನ್ನೇ ತಾರೀಕು ಹಾಕಿ ಬರೆದಿಡಿ. ಸಾಹುಕಾರರು ಕೇಳಿದ ದಿನ ಪುಸ್ತಕ ತೋರಿಸಿದರೆ ಸಾಕು. ನೀವಾಗಿ ಓಡಿಹೋಗಿ ಹೇಳಿದರೆ ಅದು ಚಾಡಿಯಾಗುತ್ತದೆ.

ಹಾಗೆಯೇ ಮಣ್ಣಿನ ಮಾದರಿ ಕೊಡುವ ನೆಪದಲ್ಲಿ ಅವರನ್ನು ಒಮ್ಮೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಕರೆದುಕೊಂಡು ಹೋಗಿ. ನಿಮ್ಮೆದುರು ಕೇಳಲು ನಾಚಿಕೆಯಾಗುವುದನ್ನು ಅಲ್ಲಿ ಕೇಳಿಯಾರು. ಅಷ್ಟು ಹೊತ್ತು ನೀವು ಹೊರಗೆ ಚಾ ಕುಡಿಯುತ್ತಿರಿ.