ಟಿಎಂಟಿ ಕಂಬಿಯ ಉಳಿ ಗಟ್ಟಿಯಾಗುತ್ತಿಲ್ಲ ಎಂದವರಿಗೆ

ತಪ್ಪು ನಿಮ್ಮ ಕುಲುಮೆಯದ್ದಲ್ಲ, ಕಂಬಿಯದ್ದು. ಟಿಎಂಟಿ ಕಂಬಿಯಿಂದ ಮಾಡಿದ ಮರಗೆಲಸದ ಉಳಿಯನ್ನು ಕೆಂಪಗೆ ಕಾಯಿಸಿ ಮೂರು ಸಲ ನೀರಿಗೆ ಅದ್ದಿದರೂ ಅಂಚು ಮಡಚಿಕೊಳ್ಳುತ್ತಿದೆ ಅಂದಿರಿ ಅಲ್ವಾ? ಕಾಯಿಸಿ ಅದ್ದಿದಾಗ ಉಕ್ಕು ಗಟ್ಟಿಯಾಗೋದು ಅದರಲ್ಲಿರುವ ಇಂಗಾಲದಿಂದ. ಕಟ್ಟಡಕ್ಕೆ ಹಾಕುವ ಎಫ್‌ಇ 500 ದರ್ಜೆಯ ಟಿಎಂಟಿ ಕಂಬಿಯಲ್ಲಿ ಇಂಗಾಲ ಹೆಚ್ಚೆಂದರೆ ಶೇ. 0.30. ಉಳಿಗೆ ಅದು ಸಾಲದು. ಆ ಕಂಬಿ ಕೊಕ್ಕೆ ಮಾಡೋಕೆ ಇರಲಿ.

ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹಳೇ ಗಾಡಿಯ ಲೀಫ್ ಸ್ಪ್ರಿಂಗ್ (ಚಕ್ರದ ಮೇಲಿನ ಉಕ್ಕಿನ ಪಟ್ಟಿ) ಕೇಳಿ. ಅದರಲ್ಲಿ ಇಂಗಾಲ ಸಾಮಾನ್ಯವಾಗಿ ಶೇ. 0.5ರಿಂದ 0.6 ಇರುತ್ತದೆ. ಆದರೆ ಗುಜರಿ ಉಕ್ಕನ್ನು ನೋಡಿದ ತಕ್ಷಣ ನಂಬೋಕಾಗಲ್ಲ. ಮೊದಲು ಬೆರಳುದ್ದದ ತುಂಡಿನ ಮೇಲೆ ಪ್ರಯೋಗ ಮಾಡಿ.

ಕಾಯಿಸುತ್ತಾ ಅಯಸ್ಕಾಂತ ಮುಟ್ಟಿಸಿ ನೋಡಿ. ಅಂಟೋದು ನಿಂತರೆ ಸುಮಾರು 770 ಡಿಗ್ರಿ. ಇನ್ನೂ ಸ್ವಲ್ಪ ಕಾಯಿಸಿ, ಕೆಂಪು ತುಸು ತಿಳಿಯಾದ ಕೂಡಲೇ 50 ಡಿಗ್ರಿಯಷ್ಟು ಬಿಸಿ ಮಾಡಿಟ್ಟ ಎಣ್ಣೆಗೆ ಅದ್ದಿ. ನೀರಿಗೆ ಬೇಡ, ಟಣ್ ಅಂತ ಸೀಳಬಹುದು. ಎಣ್ಣೆ ಕಬ್ಬಿಣದ ಡಬ್ಬದಲ್ಲೇ ಇರಲಿ, ಮುಚ್ಚಳ ಕೈಗೆ ಸಿಗುವಂತಿರಲಿ. ಬೆಂಕಿ ಹತ್ತಿಕೊಂಡರೆ ಮುಚ್ಚಬೇಕು.

ಆರಿದ ಮೇಲೆ ಅರ ಉಜ್ಜಿ. ಕಚ್ಚದೆ, ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಗಟ್ಟಿಯಾಗಿದೆ. ಜಾರಿದರೆ ಉಳಿಗೂ ಇದನ್ನೇ ಮಾಡಿ, ಆಮೇಲೆ ಅದು ಪಟ್ಟನೆ ಮುರಿಯದ ಹಾಗೆ ಅವತ್ತೇ ಓವನ್‌ನಲ್ಲಿ 220 ಡಿಗ್ರಿಗೆ ಒಂದೊಂದು ಗಂಟೆ, ಎರಡು ಸಲ ಇಡಿ. ಉಜ್ಜಿ ಹೊಳಪು ಮಾಡಿದ ಅಂಚು ಒಣಹುಲ್ಲಿನ ಬಣ್ಣಕ್ಕೆ ತಿರುಗಿದರೆ ಹದ ಸಾಕು.