ಅನ್‌ಅಟ್ಯಾಚ್ಡ್ ಫೋಟೋಗಳನ್ನೆಲ್ಲ ಒಟ್ಟಿಗೆ ಅಳಿಸಬೇಡಿ

ನಿಮ್ಮ ಅಡುಗೆ ಸೈಟಿನ ಮೀಡಿಯಾ ಲೈಬ್ರರಿ ತುಂಬಿದೆ, ವರ್ಡ್‌ಪ್ರೆಸ್ 'ಅನ್‌ಅಟ್ಯಾಚ್ಡ್' (ಅಂದ್ರೆ ಯಾವ ಪೋಸ್ಟಿಗೂ ಸೇರಿಲ್ಲ) ಅಂತ ತೋರಿಸುವುದನ್ನೆಲ್ಲ ಒಂದೇ ಸಲ ಅಳಿಸಲಾ ಅಂತ ಕೇಳಿದ್ದೀರಿ. ಬೇಡ. ಆ ಪಟ್ಟಿಯಲ್ಲಿ ಬಳಕೆಯಲ್ಲಿರುವ ಫೋಟೋಗಳೂ ಸೇರಿರುತ್ತವೆ. ಸೈಟಿನ ಲೋಗೋ, ಸೈಡ್‌ಬಾರಿನ ಚಿತ್ರ ಅಲ್ಲೇ ಇರಬಹುದು. ಚಟ್ನಿಪುಡಿ ಪೋಸ್ಟಿಗೆ ಅಪ್‌ಲೋಡ್ ಮಾಡಿದ ಫೋಟೋವನ್ನೇ ಇಡ್ಲಿ ಪೋಸ್ಟಿಗೂ ಹಾಕಿ, ಆಮೇಲೆ ಚಟ್ನಿಪುಡಿ ಪೋಸ್ಟನ್ನು ಪೂರ್ತಿ ತೆಗೆದುಹಾಕಿದ್ದರೆ, ಇಡ್ಲಿ ಪೋಸ್ಟಿನಲ್ಲಿ ಕಾಣುತ್ತಿದ್ದರೂ ಅದು ಅನ್‌ಅಟ್ಯಾಚ್ಡ್ ಆಗಿಬಿಡುತ್ತದೆ. ಪೋಸ್ಟುಗಳಿಗಾದರೆ 30 ದಿನದ ಟ್ರ್ಯಾಶ್ ಇದೆ, ಫೋಟೋಗಳಿಗೆ ಮಾಮೂಲಿ ಸೆಟ್ಟಿಂಗ್‌ನಲ್ಲಿ ಅದೂ ಇಲ್ಲ, ಅಳಿಸಿದರೆ ಹೋಯ್ತು.

ಮೊದಲು ಬ್ಯಾಕಪ್ ತೆಗೆಯಿರಿ, ಡೇಟಾಬೇಸ್ ಮತ್ತು ಅಪ್‌ಲೋಡ್ಸ್ ಫೋಲ್ಡರ್ ಎರಡೂ. ಆಮೇಲೆ ತಿಂಗಳಿನ ಪ್ರಕಾರ ಫಿಲ್ಟರ್ ಮಾಡಿ ಸ್ವಲ್ಪ ಸ್ವಲ್ಪವೇ ನೋಡಿ. ಅನುಮಾನ ಬಂದದ್ದನ್ನು ಸುಮ್ನೆ ಬಿಟ್ಟುಬಿಡಿ. ಒಂದು ದೊಡ್ಡ ಫೋಟೋ ಹಾಕಿದರೆ ವರ್ಡ್‌ಪ್ರೆಸ್ ಅದರ ಹಲವು ಸೈಜಿನ ಪ್ರತಿ ಮಾಡಿಡುತ್ತದೆ, ಅಲ್ಲೂ ಜಾಗ ಹೋಗುತ್ತದೆ. ಆ ಪ್ರತಿಗಳನ್ನು ಫೋಲ್ಡರಿಗೆ ಹೋಗಿ ಕೈಯಾರೆ ಅಳಿಸಬೇಡಿ, ಪೋಸ್ಟುಗಳಲ್ಲಿ ಚಿತ್ರ ಒಡೆದು ಕಾಣುತ್ತದೆ. ಇನ್ನು ಮುಂದೆ ಫೋಟೋ ಸಣ್ಣದು ಮಾಡಿಯೇ ಹಾಕಿ.

ರಿವಿಷನ್‌ಗಳ (ಪೋಸ್ಟಿನ ಹಳೆಯ ಆವೃತ್ತಿಗಳ) ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅವು ಬರೀ ಅಕ್ಷರ. ಬಳಸದ ಪ್ಲಗಿನ್‌ಗಳನ್ನು (ಸೈಟಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸಾಫ್ಟ್‌ವೇರ್) ಬರೀ ಡಿಆಕ್ಟಿವೇಟ್ ಮಾಡಿ ಕೂರಬೇಡಿ, ಡಿಲೀಟೇ ಮಾಡಿ. 'ಚಟ್ನಿ', 'ಚಟ್ನಿಗಳು' ಅಂತ ಎರಡೆರಡು ಟ್ಯಾಗ್ ಇದ್ದರೆ ಒಂದು ಸಾಕು, ಅಲ್ವಾ?